ಲೇಮ್‌ಡೋರ್ಫ್ ಸ್ಟೇಷನ್ನಿನ ಹಸಿರು ಸೈಕಲ್

ನನ್ನ ಮಳೆಕೋಟಿನ ಒಳಜೇಬಿನಲ್ಲಿ ಎರಡು ಹಳದಿ ಪಟ್ಟಿಗಳಿವೆ. ಎರಡು ಬೆರಳಗಲ, ಒಂದು ಗೇಣುದ್ದ. ಎಳೆದರೆ ಹರಿಯದ ಗಟ್ಟಿ ಕಾಗದ. ಮೊನ್ನೆ ನನ್ನ ಹೆಂಡತಿ ಶಬಾನಾ ಕೋಟನ್ನು ಒಗೆಯಲು ಹಾಕುವ ಮುಂಚೆ ಜೇಬು ತಡಕಿದಾಗ ಅವು ಕೈಗೆ ಸಿಕ್ಕವು. "ಇದೇನ್ರೀ, ಲಗೇಜಿಗೆ ಕಟ್ಟೋ ಟ್ಯಾಗಾ?" ಅಂದಳು. ಹೂಂ ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ಅದು ಕದ್ದ ಮಾಲು.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಎರಡೂ ಕಡೆ ನರಪಿಳ್ಳೆಯಿಲ್ಲದ ರಸ್ತೆಯಲ್ಲಿ, ಕೆಂಪು ದೀಪದ ಮುಂದೆ ಕೈಕಟ್ಟಿ ನಿಲ್ಲುವವನು ನಾನು. ಭಾನುವಾರ ಖಾಲಿ ಬಾಟಲಿಗಳನ್ನು ತೊಟ್ಟಿಗೆ ಹಾಕಿದರೆ ಸದ್ದಾಗುತ್ತದೆ, ಯಾರಾದರೂ ಬಯ್ದಾರು ಎಂದು ಸೋಮವಾರದವರೆಗೆ ಅವನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡು ಕೂರುವವನು. ಅಂಥವನು ಊರಿನ ಆಡಳಿತದವರು ಮೊಹರು ಹಾಕಿ ಕಟ್ಟಿದ ಪಟ್ಟಿಯನ್ನು ಹಾಡಹಗಲೇ ಮಗಳ ಶಾಲೆಯ ಕತ್ತರಿಯಿಂದ ಕತ್ತರಿಸಿ ಜೇಬಿಗಿಳಿಸಿದ್ದೇನೆ. ಒಂದು ಸಲ ಅಲ್ಲ, ಎರಡು ಸಲ.

ಯಾಕೆ ಎಂದು ಹೇಳುವ ಮುಂಚೆ ಊರಿನ ವಿಷಯ ಹೇಳಬೇಕು. ಊರಿನ ಹೆಸರು ಲೇಮ್‌ಡೋರ್ಫ್. ಲೇಮ್ ಎಂದರೆ ಜೇಡಿಮಣ್ಣು, ಡೋರ್ಫ್ ಎಂದರೆ ಹಳ್ಳಿ. ಹ್ಯಾಂಬರ್ಗಿನಿಂದ ರೈಲಿನಲ್ಲಿ ಐವತ್ತು ನಿಮಿಷ. ಗದಗಿನ ನೆಂಟರ ಮುಂದೆ "ನಾವು ಹ್ಯಾಂಬರ್ಗಿನಲ್ಲಿದ್ದೇವೆ" ಎಂದು ಹೇಳಿಕೊಂಡು ಮೆರೆಯುವುದೇನೋ ಮೆರೆಯುತ್ತೇನೆ. ಆದರೆ ಅಲ್ಲಿ ಮನೆ ಸಿಗದೆ, ಸಿಕ್ಕ ಮನೆಯವರು ನಮಗೆ ಕೊಡದೆ, ರೈಲಿನ ಹಳಿಯ ಗುಂಟ ಒಂದೊಂದೇ ಸ್ಟೇಷನ್ ಹಿಂದೆ ಸರಿಯುತ್ತ ಬಂದು ನಿಂತ ಜಾಗ ಇದು. ಈ ಊರಿನಲ್ಲಿ ಮುಕ್ಕಾಲು ಪಾಲು ಜನ ಹೀಗೆ ಹಿಂದೆ ಸರಿದು ಬಂದವರೇ.

ಊರಿನ ಹಳೆಯ ಶಾಲೆಯ ಒಂದು ಕೋಣೆಯನ್ನು ಮ್ಯೂಸಿಯಂ ಮಾಡಿದ್ದಾರೆ. ತಿಂಗಳಿಗೊಂದು ಭಾನುವಾರ ಬಾಗಿಲು ತೆರೆಯುತ್ತದೆ. ನಾನು ಹೋದ ದಿನ ಅಲ್ಲಿದ್ದವರು ಇಬ್ಬರೇ, ನಾನು ಮತ್ತು ನನಗೋಸ್ಕರ ದೀಪ ಹಾಕಿದ ಒಬ್ಬ ಅಜ್ಜಿ. ಗೋಡೆಯ ತುಂಬ ಇಟ್ಟಿಗೆ ಗೂಡಿನ ಫೋಟೋಗಳು. ಈ ನೆಲವನ್ನು ಅಗೆದು, ಅಚ್ಚಿಗೆ ಹಾಕಿ, ಸುಟ್ಟು, ದೋಣಿಯಲ್ಲಿ ಹ್ಯಾಂಬರ್ಗಿಗೆ ಕಳಿಸುತ್ತಿದ್ದರಂತೆ. ಆಮೇಲೆ ಇಲ್ಲಿಯವರೆಗೆ ರೈಲು ಬಂದದ್ದೂ ಇಟ್ಟಿಗೆಗಾಗಿಯೇ, ಮನುಷ್ಯರಿಗಾಗಿ ಅಲ್ಲ. ಯುದ್ಧ ಮುಗಿದ ಮೇಲೆ ಪೂರ್ವದ ಕಡೆಯಿಂದ ಮನೆಮಠ ಬಿಟ್ಟು ಓಡಿಬಂದ ಕುಟುಂಬಗಳು ಗೂಡಿನ ಕೂಲಿಗಳ ಸಾಲುಮನೆಗಳಲ್ಲಿ ಒಂದೊಂದು ಕೋಣೆಗೆ ಆರೇಳು ಜನರಂತೆ ತುಂಬಿಕೊಂಡವು. ಮುಂದೆ ಗೂಡು ಆರಿತು. ಹೊಗೆಯ ಚಿಮಣಿಯನ್ನು ಕೆಡವಿದರು. ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು, ಬಾತುಕೋಳಿಗಳು ಬಂದವು. ಅಜ್ಜಿ ಇಷ್ಟು ಹೇಳಿ, "ಅಷ್ಟೇ" ಎಂದು ದೀಪ ಆರಿಸಿದರು.

ಅಲ್ಲಿಗೆ ಊರಿನ ಚರಿತ್ರೆ ಮುಗಿಯಿತು ಅಂತ ಕಾಣುತ್ತದೆ. ಈಗ ಇಲ್ಲಿಂದ ಮಣ್ಣಿನ ಬದಲು ಜನ ಹೋಗುತ್ತಾರೆ, ಬೆಳಗ್ಗೆ ಹೋಗಿ ಸಂಜೆ ಬರುತ್ತಾರೆ. ಹಗಲು ಊರಿನಲ್ಲಿರುವವರು ಮುದುಕರು, ಶಾಲೆಯ ಮಕ್ಕಳು, ಸ್ಟೇಷನ್ನಿನ ಬೇಕರಿಯಾಕೆ. ಬ್ಯಾಂಕಿನ ಶಾಖೆ ಮುಚ್ಚಿ ಅದರ ಗೋಡೆಯಲ್ಲಿ ಒಂದು ಯಂತ್ರ ಮಾತ್ರ ಉಳಿದಿದೆ. ಚೌಕದ ಹೋಟೆಲಿನ ಕಿಟಕಿಯಲ್ಲಿ ಯಾವುದೋ ಕ್ರಿಸ್ಮಸ್ಸಿನ ಊಟದ ಪಟ್ಟಿ ಬಿಸಿಲಿಗೆ ಬೆಳ್ಳಗಾಗಿ ಅಂಟಿಕೊಂಡಿದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ನಾವು ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುತ್ತೇವೆ. ನಮ್ಮ ಊರು ಬೆಳಕಿನಲ್ಲಿ ಹೇಗಿರುತ್ತದೆ ಎಂದು ನೋಡಲು ಶನಿವಾರ ಬರಬೇಕು, ಶನಿವಾರ ಮಳೆ ಬರುತ್ತಿರುತ್ತದೆ.

ಬೆಳಗಿನ ಏಳು ಹನ್ನೆರಡರ ರೈಲಿನಲ್ಲಿ ಎರಡನೇ ಡಬ್ಬಿಯ ಹಿಂಬಾಗಿಲ ಹತ್ತಿರ ನಮ್ಮ ಜಾಗ. ನಮ್ಮ ಅಂದರೆ ನಾಲ್ಕೈದು ಜನರದು. ಯಾರೂ ಯಾರಿಗೂ ಜಾಗ ಹಂಚಿಕೊಟ್ಟಿಲ್ಲ, ಆದರೂ ಯಾರೂ ಬೇರೆಯವರ ಜಾಗದಲ್ಲಿ ಕೂರುವುದಿಲ್ಲ. ಹತ್ತಿದ ಕೂಡಲೆ "ಮೋಯಿನ್" ಅನ್ನಬೇಕು. ಈ ಕಡೆಯ ನಮಸ್ಕಾರ ಅದು, ಬೆಳಗ್ಗೆಗೂ ಅದೇ, ಸಂಜೆಗೂ ಅದೇ. ಒಮ್ಮೆ ಅಂದರೆ ಸಾಕು. ಎರಡು ಸಲ ಅಂದರೆ ವಾಚಾಳಿ ಅನ್ನುತ್ತಾರೆ. ಅದಾದ ಮೇಲೆ ಐವತ್ತು ನಿಮಿಷ ಎಲ್ಲರೂ ಕಿಟಕಿಯಾಚೆಗಿನ ಕತ್ತಲನ್ನೋ ಮೊಬೈಲನ್ನೋ ನೋಡುತ್ತಾರೆ. ಮೊದಮೊದಲು ನನಗೆ ಉಸಿರುಗಟ್ಟಿದಂತಾಗುತ್ತಿತ್ತು. ಆಮೇಲೆ ಹೊಂದಿಕೊಂಡೆ. ಎಷ್ಟು ಹೊಂದಿಕೊಂಡೆ ಅಂದರೆ, ಗದಗಿಗೆ ಹೋದಾಗ ಯಾರಾದರೂ ಬಸ್ಸಿನಲ್ಲಿ ಪಕ್ಕಕ್ಕೆ ಕೂತು "ಯಾವೂರ ಆತ್ರಿ?" ಎಂದು ಕೇಳಿದರೆ ಬೆಚ್ಚಿಬೀಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಇಂಥ ಮೌನದಲ್ಲಲ್ಲ. ನನ್ನ ಅಬ್ಬಾ ಗದಗಿನಿಂದ ಹುಬ್ಬಳ್ಳಿಗೆ ಪ್ಯಾಸೆಂಜರಿನಲ್ಲಿ ದಿನಾ ಪಾಸಿನ ಮೇಲೆ ಓಡಾಡುತ್ತಿದ್ದರು. ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಪಾಸಿನವರದು ಒಂದು ಬೋಗಿಯೇ ಇತ್ತು. ಮೊಣಕಾಲ ಮೇಲೆ ಟವೆಲ್ ಹಾಸಿ ಇಸ್ಪೀಟು, ಅಣ್ಣಿಗೇರಿ ಬರುವಷ್ಟರಲ್ಲಿ ಎಲ್ಲರ ಬುತ್ತಿಯಿಂದ ಒಂದೊಂದು ತುತ್ತು, ಹೆಬಸೂರು ದಾಟುವಷ್ಟರಲ್ಲಿ ಯಾರ ಮಗಳಿಗೆ ಯಾವ ಗಂಡು ಎಂಬುದರ ಇತ್ಯರ್ಥ. ಬೇಸಿಗೆಯ ರಜೆಯಲ್ಲಿ ಅಬ್ಬಾ ಒಂದೆರಡು ಸಲ ನನ್ನನ್ನೂ ಕರೆದೊಯ್ದಿದ್ದರು. ನನ್ನ ಹಲ್ಲು ಹುಳುಕಾಗಿದ್ದು ಇಡೀ ಬೋಗಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಬಾಯಿ ತೆಗೆಸಿ ತೋರಿಸಿದರು.

ಒಮ್ಮೆ ಅಬ್ಬಾಗೆ ಜ್ವರ ಬಂದು ಒಂದು ದಿನ ಹೋಗಲಿಲ್ಲ. ಒಂದೇ ಒಂದು ದಿನ. ಅವತ್ತು ಸಂಜೆ ಗಾಡಿ ಬಂದ ಅರ್ಧ ಗಂಟೆಗೆ ಇಬ್ಬರು ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಒಬ್ಬರು ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಹಿರೇಮಠ ಮಾಸ್ತರು, ಇನ್ನೊಬ್ಬಳು ಅದೇ ಗಾಡಿಯಲ್ಲಿ ಮೊಸರು ಮಾರಲು ಹೋಗುತ್ತಿದ್ದ ನೀಲವ್ವ. ಮಾಸ್ತರ ಕೈಯಲ್ಲಿ ಬಾಳೆಹಣ್ಣು.

"ಏನೋ ಮಕ್ತುಂಸಾಬ, ಸತ್ತೇ ಹೋದಿ ಅನ್ಕೊಂಡ ಬಂದೀವಿ ನಾವು," ಅಂದರು ಮಾಸ್ತರು.

"ಸಾಯಾಕೂ ಪಾಸ್ ಮುಗೀಬೇಕಲ್ರೀ ಮಾಸ್ತರ," ಅಂದರು ಅಬ್ಬಾ ಕಂಬಳಿಯೊಳಗಿಂದ.

ಮುಂದೆ ಅಬ್ಬಾ ನಿಜವಾಗಿಯೂ ತೀರಿಕೊಂಡಾಗ ನಮ್ಮ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸಲಿಲ್ಲ. ನಮ್ಮಲ್ಲಿ ಹಾಗೇ. ಸಾವಿನ ಮನೆಗೆ ಊಟ ಹೊರಗಿನಿಂದ ಬರುತ್ತದೆ, ಅವರು ಕೇಳಿರಬೇಕಿಲ್ಲ, ಇವರು ಹೇಳಿರಬೇಕಿಲ್ಲ. ಓಣಿಯವರು ಖಿಚಡಿ ತಂದರು. ನೀಲವ್ವ ನುಚ್ಚು ಮಜ್ಜಿಗೆ ತಂದಳು. ಮಾಸ್ತರ ಮನೆಯಿಂದ ರೊಟ್ಟಿ ಬಂತು. ಬೇಡವೆಂದರೂ ಮಾಸ್ತರು ನಮ್ಮನ್ನು ತಟ್ಟೆಯ ಮುಂದೆ ಕೂರಿಸಿ, ತಿನ್ನುವವರೆಗೂ ಎದ್ದು ಹೋಗಲಿಲ್ಲ. ಆಮೇಲೆ ವಾರವೆಲ್ಲ ಅಮ್ಮಿ ಡಬ್ಬಿಗಳನ್ನು ತೊಳೆದು, ಪ್ರತಿಯೊಂದರಲ್ಲೂ ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಕಳಿಸಿದರು. ಯಾರ ಮನೆಯ ಡಬ್ಬಿಯೂ ನಮ್ಮ ಮನೆಯಿಂದ ಖಾಲಿ ಹೋಗಬಾರದು ಎಂಬುದು ಅಮ್ಮಿಯ ಕಾನೂನು.

ಇನ್ನು ಪೆನ್ಸಿಲ್ ಕಾಕಾ. ರೈಲಿನಲ್ಲಿ ನನ್ನ ಎದುರಿನ ಸೀಟು ಅವರದು. ಹೆಸರು ಗೊತ್ತಿಲ್ಲದ್ದಕ್ಕೆ ನಾನೇ ಇಟ್ಟ ಹೆಸರು ಅದು. ಎತ್ತರದ ಆಳು, ಬೂದು ಕೋಟು, ಮಡಿಸಿದ ದಿನಪತ್ರಿಕೆ, ಕಿವಿಯ ಹಿಂದೆ ಗಿಡ್ಡ ಪೆನ್ಸಿಲು. ಹತ್ತಿದ ಕೂಡಲೇ ಪದಬಂಧ ಶುರು, ಹ್ಯಾಂಬರ್ಗಿನ ಎರಡು ಸ್ಟೇಷನ್ ಮೊದಲು ಮುಕ್ತಾಯ. ಹನ್ನೊಂದು ವರ್ಷ ನಾವು ಎದುರುಬದುರು ಕೂತಿದ್ದೇವೆ. ಅವರ ಕನ್ನಡಕ ಬದಲಾದದ್ದು, ಕೂದಲು ಬೆಳ್ಳಗಾದದ್ದು, ಒಂದು ಚಳಿಗಾಲ ಎಡಗೈಗೆ ಪಟ್ಟಿ ಕಟ್ಟಿಕೊಂಡು ಬಂದದ್ದು ಎಲ್ಲ ನನಗೆ ಗೊತ್ತು. ನನ್ನ ಹೊಟ್ಟೆ ಬೆಳೆದದ್ದು ಅವರಿಗೂ ಗೊತ್ತಿರಬೇಕು. ಮಾತಾಡಿದ್ದು ಮಾತ್ರ ಮೋಯಿನ್ ಬಿಟ್ಟರೆ ಒಂದೇ ಸಲ. ಹಿಮ ಬಿದ್ದು ರೈಲು ಹೊಲದ ನಡುವೆ ಎರಡು ಗಂಟೆ ನಿಂತಿತ್ತು. ಅವರು ತಲೆಯೆತ್ತಿ ಕಿಟಕಿಯಾಚೆ ನೋಡಿ, "ಹಿಮ," ಅಂದರು. ನಾನು "ಹೌದು" ಅಂದೆ.

ಅವರು ಸ್ಟೇಷನ್ನಿಗೆ ಬರುತ್ತಿದ್ದುದು ಒಂದು ಹಸಿರು ಸೈಕಲಿನ ಮೇಲೆ. ಹೆಂಗಸರ ಸೈಕಲು, ಮುಂದೆ ಬೆತ್ತದ ಬುಟ್ಟಿ. ನನ್ನ ಸೈಕಲಿನ ಪಕ್ಕದ್ದೇ ಅವರ ಸ್ಟ್ಯಾಂಡು. ಇಳಿದು ಬೀಗ ಹಾಕಿ, ಕೋಟಿನ ಜೇಬಿನಿಂದ ಹೂವಿನ ಚಿತ್ರದ ಒಂದು ಪ್ಲಾಸ್ಟಿಕ್ ಟೋಪಿ ತೆಗೆದು ಸೀಟಿಗೆ ತೊಡಿಸುತ್ತಿದ್ದರು, ಮಳೆಗೆ ನೆನೆಯದಿರಲಿ ಎಂದು. ಅಷ್ಟು ಗಂಭೀರ ಮನುಷ್ಯ, ಅಷ್ಟು ಚೆಂದದ ಟೋಪಿ. ನನಗೆ ದಿನಾ ನಗು ಬರುತ್ತಿತ್ತು. ದಿನಾ ತಡೆದುಕೊಳ್ಳುತ್ತಿದ್ದೆ.

ಹೋದ ನವೆಂಬರಿನ ಒಂದು ಬೆಳಗ್ಗೆ ಅವರು ಬರಲಿಲ್ಲ. ಸೈಕಲು ಮಾತ್ರ ಸ್ಟ್ಯಾಂಡಿನಲ್ಲಿತ್ತು, ಟೋಪಿ ಹಾಕಿಕೊಂಡು. ಹಿಂದಿನ ರೈಲಿಗೆ ಹೋಗಿರಬೇಕು ಅಂದುಕೊಂಡೆ. ಮಾರನೆಯ ದಿನವೂ ಇಲ್ಲ. ವಾರವಾಯಿತು, ತಿಂಗಳಾಯಿತು. ಎದುರಿನ ಸೀಟಿನಲ್ಲಿ ಯಾರೂ ಕೂರಲಿಲ್ಲ, ಯಾರೂ ಕೇಳಲೂ ಇಲ್ಲ. ನಾನೂ ಕೇಳಲಿಲ್ಲ. ಸೈಕಲಿನ ಬುಟ್ಟಿಯಲ್ಲಿ ಎಲೆಗಳು ಬಿದ್ದು ಕೊಳೆತವು, ಹಿಂದಿನ ಗಾಲಿಯ ಗಾಳಿ ಇಳಿಯಿತು. ಗಾಳಿಗೆ ಟೋಪಿ ಕಳಚಿ ಜೋತಾಡುತ್ತಿದ್ದಾಗ ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನೇ ಸರಿಯಾಗಿ ತೊಡಿಸುತ್ತಿದ್ದೆ. ನನ್ನಿಂದ ಆದದ್ದು ಅಷ್ಟೇ. ಇದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮಾರ್ಚಿನಲ್ಲಿ ಸೈಕಲಿನ ಹ್ಯಾಂಡಲಿಗೆ ಮೊದಲ ಹಳದಿ ಪಟ್ಟಿ ಬಂತು. ವಾರಸುದಾರರಿಲ್ಲದ ವಾಹನ, ನಾಲ್ಕು ವಾರದೊಳಗೆ ತೆಗೆಯದಿದ್ದರೆ ನಾವೇ ಒಯ್ಯುತ್ತೇವೆ ಎಂದು ಅದರಲ್ಲಿ ಬರೆದಿತ್ತು. ವಾರಸುದಾರರಿಲ್ಲದ ಎಂಬ ಮಾತು ಓದಿದ್ದೇ ನನಗೆ ಎಲ್ಲ ಸ್ಪಷ್ಟವಾಯಿತು. ಪೆನ್ಸಿಲ್ ಕಾಕಾ ತೀರಿಹೋಗಿದ್ದಾರೆ. ಅವತ್ತು ಸಂಜೆ ಶಬಾನಾಗೆ ಹೇಳಿದೆ.

"ಪಾಪ. ಹೆಸರೇನ್ರಿ ಅವರ್ದು?" ಅಂದಳು.

"ಗೊತ್ತಿಲ್ಲ."

ಅವಳು ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. "ಅಲ್ರೀ, ಹನ್ನೊಂದು ವರ್ಷ ಎದುರಿಗೆ ಕುಂತು ಹೋಗಿ ಬಂದೀರಿ. ನವೆಂಬರಿನಿಂದ ಮನಷ್ಯಾ ಕಾಣವಲ್ಲ. ಈಗ ಕಾಗದಾ ಕಟ್ಟಿದ ಮ್ಯಾಲೆ ನೆನಪಾತ? ನಿಮ್ಮ ಅಬ್ಬಾ ಇದ್ದಿದ್ರ ಏನಂತಿದ್ರು?"

ಅಬ್ಬಾ ಏನನ್ನುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಬೇಕರಿಯಾಕೆಯನ್ನು ಕೇಳಿದೆ. ಹಸಿರು ಸೈಕಲು, ಹೂವಿನ ಟೋಪಿ ಅಂದದ್ದೇ ಆಕೆಗೆ ತಿಳಿಯಿತು. ಹೆಸರು ಕ್ಲಾಸೆನ್, ಮನೆ ಇಟ್ಟಿಗೆ ಗೂಡಿನ ಸಾಲುಮನೆಯಲ್ಲಿ ಕಡೆಯದು, ಕೆರೆಯ ಪಕ್ಕ. "ಆ ಮನೆಯಲ್ಲಿ ನವೆಂಬರಿನಲ್ಲಿ ಸಾವಾಯಿತು, ಪೇಪರಿನಲ್ಲಿ ಹಾಕಿದ್ದರಲ್ಲ," ಅಂದಳು. ಊರಿನ ಪೇಪರು ನಾನು ಓದುವುದು ಕಸ ಒಯ್ಯುವ ದಿನಗಳ ಪಟ್ಟಿಗಾಗಿ ಮಾತ್ರ. ಇನ್ನೇನೂ ಅನುಮಾನ ಉಳಿಯಲಿಲ್ಲ.

ಶನಿವಾರ ಶಬಾನಾ ಖಿಚಡಿ ಮಾಡಿದಳು, ಜೊತೆಗೆ ಹುಣಸೆಯ ಖಟ್ಟಾ. ನಾಲ್ಕು ತಿಂಗಳು ತಡವಾಗಿ ಮೂರು ದಿನದ ಊಟ. ಸ್ಟೀಲಿನ ಡಬ್ಬಿಗೆ ತುಂಬಿ ಬಟ್ಟೆ ಸುತ್ತುತ್ತಿದ್ದಾಗ ನಮ್ಮ ಮಗಳು ಝೋಯಾ ಇಣುಕಿದಳು. ಇಲ್ಲೇ ಹುಟ್ಟಿ ಬೆಳೆದವಳು, ಮುಕ್ಕಾಲು ಮಾತು ಜರ್ಮನ್.

"ಅಬ್ಬೂ, ಟರ್ಮಿನ್ ತಗೊಂಡೀಯಾ? ಹಂಗೇ ಹೋಗಿ ಬೆಲ್ ಮಾಡಂಗಿಲ್ಲ. ಕಾರ್ಡ್ ಕಳಸ್ಬೇಕು," ಅಂದಳು. ಟರ್ಮಿನ್ ಅಂದರೆ ಮೊದಲೇ ಕೇಳಿ ಗೊತ್ತುಮಾಡಿಕೊಂಡ ಭೇಟಿಯ ಹೊತ್ತು.

"ಸಾವಿನ ಮನಿಗೂ ಟರ್ಮಿನ್ ತಗೋತಾರೇನವ್ವಾ?" ಅಂದಳು ಶಬಾನಾ.

"ತಗೋತಾರ," ಅಂದಳು ಝೋಯಾ.

ನನಗೂ ಅಳುಕಿತ್ತು. ಆದರೂ ಹೋದೆ. ದಾರಿಯುದ್ದಕ್ಕೂ ಅವರ ಹೆಂಡತಿಗೆ ಹೇಳಬೇಕಾದ ಸಂತಾಪದ ಜರ್ಮನ್ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ. ನಿಮ್ಮ ಪತಿಯನ್ನು ನಾನು ಬಹಳ ವರ್ಷಗಳಿಂದ ಬಲ್ಲೆ ಎಂದು ಶುರುವಾಗುವ ವಾಕ್ಯ. ಬಲ್ಲೆ ಅನ್ನುವುದು ಸುಳ್ಳೇನೋ ಅನಿಸಿ ಅದನ್ನು ನೋಡಿದ್ದೇನೆ ಎಂದು ತಿದ್ದಿಕೊಂಡೆ. ಕೆಂಪು ಇಟ್ಟಿಗೆಯ ಗಿಡ್ಡ ಮನೆ, ಕಿಟಕಿಯ ಪರದೆಗಳೆಲ್ಲ ಇಳಿದಿದ್ದವು. ಬೆಲ್ ಒತ್ತಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ತೆರೆದವರು ಪೆನ್ಸಿಲ್ ಕಾಕಾ.

ಸತ್ತ ಮನುಷ್ಯ ಎದುರಿಗೆ ನಿಂತಾಗ ಏನು ಹೇಳಬೇಕೆಂದು ನಾನು ಬಾಯಿಪಾಠ ಮಾಡಿರಲಿಲ್ಲ. "ಮೋಯಿನ್" ಅಂದೆ.

"ಮೋಯಿನ್" ಅಂದರು ಅವರು.

ಅವರು ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ರೈಲಿನಲ್ಲಿ ನೋಡಿದ್ದಕ್ಕಿಂತ ತುಂಬ ಸಣಕಲಾಗಿದ್ದರು. ಕಿವಿಯ ಹಿಂದೆ ಪೆನ್ಸಿಲು ಇರಲಿಲ್ಲ. ಸುಳ್ಳು ಹೇಳಲು ಪುರಸೊತ್ತಿಲ್ಲದೆ ಇದ್ದದ್ದನ್ನೇ ಹೇಳಿದೆ.

"ಕ್ಷಮಿಸಿ. ನೀವು ತೀರಿಕೊಂಡಿದ್ದೀರಿ ಅಂದುಕೊಂಡಿದ್ದೆ."

ಬಯ್ದು ಬಾಗಿಲು ಹಾಕುತ್ತಾರೆ ಅಂದುಕೊಂಡೆ. "ಇಲ್ಲ," ಅಂದರು. "ನಾನಲ್ಲ. ಇಂಗೆ. ನನ್ನ ಹೆಂಡತಿ."

ಹೀಗೆ ನನ್ನ ತಪ್ಪು ಒಂದೇ ಗಳಿಗೆಯಲ್ಲಿ ಸರಿಯಾಯಿತು. ಮನೆ ಸಾವಿನದೇ, ಮನುಷ್ಯ ಮಾತ್ರ ಬೇರೆ. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಒಳಗೆ ಅಡುಗೆಮನೆಯ ಮೇಜಿನ ಮೇಲೆ ಕಪ್ಪು ಅಂಚಿನ ಕಾರ್ಡುಗಳಿದ್ದ ರಟ್ಟಿನ ಪೆಟ್ಟಿಗೆ ಇತ್ತು. ತುಂಬ ಬಂದಿವೆ, ಎಲ್ಲರೂ ಚೆನ್ನಾಗಿ ಬರೆದಿದ್ದಾರೆ ಅಂದರು. ಯಾರಾದರೂ ಬಂದಿದ್ದರೇ ಎಂದು ನಾನು ಕೇಳಿದೆ, ಕೇಳಬಾರದಿತ್ತೇನೋ.

"ಇಲ್ಲ. ದುಃಖದಲ್ಲಿರುವವರಿಗೆ ತೊಂದರೆ ಕೊಡಬಾರದು ಅಂತ," ಅಂದರು. ಅದರಲ್ಲಿ ದೂರು ಇರಲಿಲ್ಲ. ಬೇರೆಯವರ ಮನೆಯ ಸಾವಾಗಿದ್ದರೆ ತಾವೂ ಹೋಗುತ್ತಿರಲಿಲ್ಲ ಎಂಬಂತೆ ಹೇಳಿದರು.

ಡಬ್ಬಿ ಯಾಕೆ ಎಂದು ಕೇಳಿದರು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ, ಅದಕ್ಕೆ ಎಂದೆ. ಅವರು ತಮ್ಮ ಒಲೆಯ ಕಡೆ ನೋಡಿದರು. "ನನಗೆ ಮೊಟ್ಟೆ ಬೇಯಿಸಲು ಬರುತ್ತದೆ. ನಾಲ್ಕು ತಿಂಗಳಿಂದ ಮೊಟ್ಟೆ," ಅಂದರು. ಖಿಚಡಿಯನ್ನು ಚಮಚದಲ್ಲಿ ತಿಂದರು, ಡಬ್ಬಿಯಿಂದಲೇ, ನಿಧಾನವಾಗಿ, ಪದಬಂಧ ತುಂಬುವ ಹಾಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ. ನಾನು ಹಿರೇಮಠ ಮಾಸ್ತರ ಹಾಗೆ ತಿನ್ನುವವರೆಗೂ ಕೂತೇ ಇದ್ದೆ. ಡಬ್ಬಿ ತೊಳೆದು ಕೊಡುವಾಗ ಮಾತಿಗೆ ಮಾತು ಸೇರಿಸಲು ಅಮ್ಮಿಯ ಸಕ್ಕರೆಯ ಕಾನೂನನ್ನು ಹೇಳಿದೆ. ಅವರು ಅದನ್ನು ಗಂಭೀರವಾಗಿ ತೆಗೆದುಕೊಂಡು, ಡಬ್ಬಿ ವಾಪಸು ಇಸಿದುಕೊಂಡು, ಒಂದು ಸೇಬು ಹಾಕಿ ಕೊಟ್ಟರು.

ಹೊರಡುವಾಗ ಸೈಕಲಿನ ಮಾತು ತೆಗೆದೆ. ಹಳದಿ ಪಟ್ಟಿ ಕಟ್ಟಿದ್ದಾರೆ, ಬೀಗದ ಕೈ ಕೊಟ್ಟರೆ ನಾನೇ ತಳ್ಳಿಕೊಂಡು ಬಂದು ಕೊಡುತ್ತೇನೆ ಎಂದೆ. ಬೀಗದ ಕೈ ಅಲ್ಲೇ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅವರು ಅದರ ಕಡೆ ನೋಡಲೂ ಇಲ್ಲ.

ಸೈಕಲು ಇಂಗೆಯದು. ತನಗೆ ಮಂಡಿನೋವು ಶುರುವಾದ ಮೇಲೆ ಅವರಿಗೆ ಕೊಟ್ಟಿದ್ದಳಂತೆ. ಟೋಪಿ ಹೊಲಿದವಳೂ ಅವಳೇ, ಹಳೆಯ ಪ್ಲಾಸ್ಟಿಕ್ ಮೇಜುಬಟ್ಟೆಯಿಂದ. ತೀರಿಕೊಂಡ ದಿನ ಬೆಳಗ್ಗೆ ಅವಳು ಬಾಗಿಲಿಗೆ ಬಂದು, ಟೋಪಿ ಮರೆತಿದ್ದೀಯ ಎಂದು ಕೂಗಿದ್ದಾಳೆ. ಇವರಿಗೆ ರೈಲು ತಪ್ಪುವ ಆತುರ. ತಿರುಗಿ ಬಂದು, ಮುಖ ಸಿಂಡರಿಸಿ, ಕೈಯಿಂದ ಕಿತ್ತುಕೊಂಡು ಹೋಗಿದ್ದಾರೆ. ಹನ್ನೊಂದು ಗಂಟೆಗೆ ಆಫೀಸಿಗೆ ಫೋನು ಬಂತು. ಅಲ್ಲಿಂದ ನೇರವಾಗಿ ಆಸ್ಪತ್ರೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಈ ಮನೆ. ನಿವೃತ್ತಿಗೆ ಎರಡು ತಿಂಗಳಿತ್ತು, ಉಳಿದ ರಜೆ ಹಾಕಿ ಮುಗಿಸಿಬಿಟ್ಟರು. ಸ್ಟೇಷನ್ನಿಗೆ ಆಮೇಲೆ ಹೋಗಲೇ ಇಲ್ಲ.

"ಅದು ಅಲ್ಲೇ ಇರಲಿ," ಅಂದರು. "ಸೈಕಲು ಸ್ಟೇಷನ್ನಿನಲ್ಲಿದ್ದರೆ ನಾನು ಆಫೀಸಿಗೆ ಹೋಗಿದ್ದೇನೆ ಅಂತ. ನಾನು ಆಫೀಸಿಗೆ ಹೋಗಿದ್ದರೆ ಅವಳು ಮನೆಯಲ್ಲಿದ್ದಾಳೆ ಅಂತ. ಮನೆಗೆ ತಂದರೆ ಆ ದಿನ ಮುಗಿಯುತ್ತದೆ."

ಐವತ್ತು ನಿಮಿಷದ ಹಾದಿಯಲ್ಲಿ ಹನ್ನೊಂದು ವರ್ಷ ಅವರು ಆಡಿದ ಮಾತಿಗಿಂತ ಇದು ಹೆಚ್ಚು. ಸೋಮವಾರ ಬೆಳಗ್ಗೆ ನಾನು ಝೋಯಾಳ ಕತ್ತರಿ ತೆಗೆದುಕೊಂಡು ಸ್ಟೇಷನ್ನಿಗೆ ಹೋದೆ. ಮೂರು ಸಲ ಸುತ್ತ ನೋಡಿದೆ. ಪಟ್ಟಿ ಕತ್ತರಿಸಿ, ಹಿಂದಿನ ಗಾಲಿಗೆ ಗಾಳಿ ಹಾಕಿ, ಬುಟ್ಟಿಯ ಎಲೆ ಬಳಿದು, ಯಾರೋ ದಿನಾ ಓಡಿಸುವ ಸೈಕಲಿನ ಹಾಗೆ ಮಾಡಿದೆ. ರೈಲು ಹತ್ತಿದ ಮೇಲೂ ಯಾರಾದರೂ ಬಂದು ಭುಜ ಹಿಡಿಯುತ್ತಾರೆಂದು ಕಾಯುತ್ತಿದ್ದೆ. ಯಾರೂ ಬರಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಡಬ್ಬಿ ಹೋಯಿತು. ಒಮ್ಮೆ ಬಿರಿಯಾನಿ, ಒಮ್ಮೆ ರೊಟ್ಟಿ ಬದನೆಕಾಯಿ ಪಲ್ಯ. ಖಾರ ಹೆಚ್ಚಾದ ದಿನ ಅವರ ಮೂಗು ಕೆಂಪಾಗುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಡಬ್ಬಿ ಎಂದೂ ಖಾಲಿ ಬರಲಿಲ್ಲ. ಬೆಣ್ಣೆ ಬಿಸ್ಕತ್ತು, ಹಿತ್ತಿಲಿನ ಸೊಪ್ಪು, ಒಂದು ಸಲ ಅವರ ತಂದೆ ಗೂಡಿನಲ್ಲಿ ಮಣ್ಣಿಗೆ ಒತ್ತುತ್ತಿದ್ದ ಪುಟ್ಟ ಅಚ್ಚು. ತಂದೆ ಪೂರ್ವದಿಂದ ಬರಿಗೈಯಲ್ಲಿ ಬಂದವರಂತೆ. ಇಡೀ ದಿನ ಊರಿನ ಹೆಸರನ್ನು ಇಟ್ಟಿಗೆಗೆ ಒತ್ತುವುದೇ ಕೆಲಸವಾಗಿತ್ತಂತೆ. ಊರಿನವರು ಮಾತ್ರ ಸಾಯುವವರೆಗೂ ಅವರನ್ನು ಆ ಕಡೆಯವನು ಅಂತಲೇ ಕರೆದರಂತೆ. ನನ್ನ ಅಬ್ಬಾನೂ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು ಎಂದೆ. ಅವರು ಬಹಳ ಹೊತ್ತು ತಲೆಯಾಡಿಸಿದರು.

ನಾನು ಒಳಗೆ ಕಾಲಿಟ್ಟ ಕೂಡಲೆ ಅವರು ಕೇಳುವ ಮೊದಲ ಮಾತು ಒಂದೇ. "ಇನ್ನೂ ನಿಂತಿದೆಯಾ?"

"ನಿಂತಿದೆ."

"ಟೋಪಿ?"

"ಹಾಕಿಕೊಂಡಿದೆ."

ಮೇ ತಿಂಗಳಲ್ಲಿ ಎರಡನೇ ಪಟ್ಟಿ ಬಂತು. ಅದನ್ನೂ ಕತ್ತರಿಸಿದೆ. ಈ ಸಲ ಸುತ್ತ ನೋಡಲೂ ಇಲ್ಲ. ಕಳ್ಳತನವೂ ರೂಢಿಯಾಗುತ್ತದೆ ಎಂದು ತಿಳಿದು ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆಗೆ ಸರಿಯಾದದ್ದೇ ಆಯಿತು ಅನ್ನಿ. ಜೂನಿನಲ್ಲಿ ಆಫೀಸಿನವರು ನನ್ನನ್ನು ಎರಡು ವಾರ ದೂರದ ದಕ್ಷಿಣದ ಇಂಗೋಲ್‌ಸ್ಟಾಟಿಗೆ ಕಳಿಸಿದರು. ನಡುವಿನ ಶನಿವಾರ ಶಬಾನಾ ಡಬ್ಬಿ ಒಯ್ದು ಕೊಟ್ಟಳು. ಆದರೆ ಅವಳು ಸ್ಟೇಷನ್ನಿನ ಕಡೆ ಹೋಗುವವಳಲ್ಲ, ನಾನು ಹೋಗು ಎಂದು ಹೇಳಿಯೂ ಇರಲಿಲ್ಲ. ಪಟ್ಟಿ ಕತ್ತರಿಸಿದ ವಿಷಯ ನಾನು ಯಾರಿಗೂ ಹೇಳಿರಲಿಲ್ಲವಲ್ಲ.

ಶುಕ್ರವಾರ ಸಂಜೆ ವಾಪಸು ಬಂದು ರೈಲಿನಿಂದ ಇಳಿದೆ. ಸೈಕಲುಗಳ ಸಾಲಿನಲ್ಲಿ ನನ್ನದು ಇತ್ತು. ಅದರ ಪಕ್ಕದಲ್ಲಿ ಗುಡಿಸಿ ಸ್ವಚ್ಛ ಮಾಡಿದ ನೆಲ. ಬೀಗ ಕತ್ತರಿಸುವಾಗ ಉದುರಿದ ಕಬ್ಬಿಣದ ಪುಡಿ ಕಲ್ಲಿನ ಸಂದಿಯಲ್ಲಿ ಸ್ವಲ್ಪ ಉಳಿದಿತ್ತು. ಆಡಳಿತದವರ ತಪ್ಪು ಹುಡುಕಿದೆ, ಸಿಗಲಿಲ್ಲ. ಅವರು ಎರಡು ಸಲ ಹೇಳಿದ್ದರು, ಎರಡು ಸಲ ಹೇಳಿದ್ದನ್ನೂ ನಾನು ಜೇಬಿನಲ್ಲಿಟ್ಟುಕೊಂಡಿದ್ದೆ. ಫೋನು ಮಾಡಿ ಕೇಳೋಣವೆಂದರೆ ಕಚೇರಿ ಸೋಮವಾರದವರೆಗೆ ಮುಚ್ಚಿತ್ತು. ಸೋಮವಾರ ಕೇಳಿದಾಗ ಅವರು ಸಭ್ಯವಾಗಿಯೇ ಹೇಳಿದರು, ಅದು ಗುಜರಿಗೆ ಹೋಗಿ ಒಂದು ವಾರವಾಯಿತು ಎಂದು.

ಆದರೆ ಸೋಮವಾರಕ್ಕಿಂತ ಮೊದಲು ಶನಿವಾರ ಬಂತು. ಅವತ್ತು ನಾನು ಡಬ್ಬಿ ಹಿಡಿದು ಕೆರೆಯ ದಂಡೆಯಲ್ಲಿ ಎರಡು ಸುತ್ತು ಹೊಡೆದೆ. ನಿಜ ಹೇಳುವ ವಾಕ್ಯವನ್ನು ಬಾಯಿಪಾಠ ಮಾಡಿದೆ. ಬಾಗಿಲು ತೆರೆಯಿತು. ಮೋಯಿನ್, ಮೋಯಿನ್. ಅಡುಗೆಮನೆಯಲ್ಲಿ ಅವರು ಕೂತರು. ಅವತ್ತು ಕಿವಿಯ ಹಿಂದೆ ಪೆನ್ಸಿಲು ಇತ್ತು, ಮೇಜಿನ ಮೇಲೆ ಮಡಿಸಿದ ಪೇಪರಿತ್ತು. ಅದನ್ನು ನೋಡಿ ನನಗೆ ಒಂದು ಕ್ಷಣ ಸಂತೋಷವಾಯಿತು.

"ಇನ್ನೂ ನಿಂತಿದೆಯಾ?" ಎಂದು ಕೇಳಿದರು.

ನಾನು ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ. "ನಿಂತಿದೆ," ಅಂದೆ.

"ಟೋಪಿ?"

"ಹಾಕಿಕೊಂಡಿದೆ."

ಅವರು ತಲೆಯಾಡಿಸಿ ಊಟ ಮಾಡಿದರು. ಎದ್ದು ಹೋಗಿ ನನಗೆ ಬೆನ್ನು ಮಾಡಿ ಡಬ್ಬಿ ತೊಳೆದರು, ಬಹಳ ಹೊತ್ತು ಒರೆಸಿದರು, ಮುಚ್ಚಳ ಹಾಕಿ ಕೊಟ್ಟರು. ಬಾಗಿಲವರೆಗೆ ಬಂದು ನಿಂತರು. ಪಕ್ಕದ ಮೊಳೆಯ ಕಡೆ ನನ್ನ ಕಣ್ಣು ಹೋಗಲಿಲ್ಲ. ಬೇಗ ಹೊರಗೆ ಬಂದರೆ ಸಾಕಾಗಿತ್ತು.

ಮನೆಗೆ ಬಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕೋಟು ಬಿಚ್ಚುತ್ತಿದ್ದೆ. ಶಬಾನಾ ಮುಚ್ಚಳ ತೆಗೆದಳು. ಒಳಗೆ ಪೇಪರಿನ ಅಂಚಿನ ತುಂಡೊಂದರಲ್ಲಿ ಸುತ್ತಿದ ಸಣ್ಣ ಬೀಗದ ಕೈ ಇತ್ತು.

"ಇದ್ಯಾವ ಕೀಲಿ ರೀ? ಏನೋ ಬರದಾರ ನೋಡ್ರಿ."

ಪೆನ್ಸಿಲಿನಲ್ಲಿ, ಪದಬಂಧದ ಮನೆಗಳಲ್ಲಿ ತುಂಬುವಂಥ ಬಿಡಿ ಬಿಡಿ ದೊಡ್ಡ ಅಕ್ಷರಗಳಲ್ಲಿ ಅವರು ಬರೆದಿದ್ದರು: ಬುಧವಾರ ನಾನೇ ಹೋಗಿ ನೋಡಿ ಬಂದೆ.